ಅತ್ತಿಗೆಯ ಮೋಟರು, ನನ್ನ ಬಾಯಿ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ; ಅತ್ತಿಗೆಯ ಬಾಯಿಂದ ಕೇಳಿದರೆ ನನ್ನ ಬಗ್ಗೆ ನಿಮಗಿರುವ ಚೂರುಪಾರು ಗೌರವವೂ ಹೋಗುತ್ತದೆ. ಕಂಡವರ ದನಿ ಅನುಕರಿಸುವುದು ನನ್ನ ಚಟ. ನಮ್ಮ ಮ್ಯಾನೇಜರರ ಕೆಮ್ಮು, ಸೀಟು ತುಂಬುವ ತನಕ ಕೂಗುವ ಜಾದವ್‌ಪುರದ ಆಟೋದವನು, ಮೀನಿನವನನ್ನು ಗದರುವ ಬಂಗಾಳಿ ಮನೆ ಓನರ್ ಮಾಶಿಮಾ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ನಾನೇ ಫೋನ್ ಮಾಡಿದರೂ ಅಮ್ಮ ಮೊದಲು ಕೇಳುವುದು, "ಈಗ ಯಾರು ಮಾತಾಡ್ತಿರೋದು?"

ನಾನಿರುವುದು ಅಣ್ಣ-ಅತ್ತಿಗೆಯ ಮನೆಯಲ್ಲಿ. ಅತ್ತಿಗೆ ಇಂಜಿನಿಯರ್. ಹಿಂದಿನ ಕೋಣೆಯಲ್ಲಿ ಅವರೇ ಜೋಡಿಸಿದ ಸಿಎನ್‌ಸಿ ಯಂತ್ರವಿದೆ. ಕಂಪ್ಯೂಟರ್ ಹೇಳಿದ ಹಾಗೆ ಮರ ಕೊರೆಯುತ್ತದೆ. ಆ ವಾರ ಮಾಶಿಮಾ ಮಗಳ ಮದುವೆ. ಗಂಡಿನ ಮನೆಗೆ ಹೋಗುವ ಸಂದೇಶ್ ಮಿಠಾಯಿಗೆ ಮೀನಿನ ಆಕಾರದ ಮರದ ಅಚ್ಚು ಮಾಡಿಕೊಡುತ್ತೇನೆಂದು ಅತ್ತಿಗೆ ಮಾತು ಕೊಟ್ಟಿದ್ದರು. ಸೋಮವಾರ ಬೆಳಿಗ್ಗೆ ಅದು ಮಿಠಾಯಿಯವನ ಕೈಯಲ್ಲಿರಬೇಕು. ಭಾನುವಾರ ಊರಿಂದ ಬಂದ ನೆಂಟರನ್ನು ಅಲಿಪುರದ ಝೂಗೆ ಕರೆದೊಯ್ಯುತ್ತ, "ಮರ ಕೂರಿಸಿದೀನಿ, ಊಟ ಆದ್ಮೇಲೆ ಸ್ಟಾರ್ಟ್ ಒತ್ತು. ಕರೆಂಟ್ ಇದ್ದಾಗ ಮೋಟರ್ ವೈರ್ ಮಾತ್ರ ಮುಟ್ಟಬೇಡ" ಎಂದರು.

ಈ ಮಾತನ್ನು ಅವರದೇ ದನಿಯಲ್ಲಿ ಗೆಳೆಯನಿಗೆ ವಾಯ್ಸ್ ಮೆಸೇಜ್ ಕಳಿಸಲು ಹೊರಟೆ. "ಏಯ್, ವೈರ್‌ನ ಹೀಗೆ ಎಳೀಬಾರ್ದು ಕಣೋ!" ವಾಯ್ಸ್ ಮೆಸೇಜಿಗೆ ಅಭಿನಯ ಬೇಕಿರಲಿಲ್ಲ. ಆದರೂ "ಹೀಗೆ" ಎನ್ನುವಾಗ ಕೈ, ಕರೆಂಟ್ ಇದ್ದ ಮೋಟರಿನ ವೈರನ್ನು ಎಳೆದೇಬಿಟ್ಟಿತು.

ಪಟಕ್ ಎಂದಿತು. ವೈರು ಮತ್ತೆ ಸಿಕ್ಕಿಸಿ ಸ್ಟಾರ್ಟ್ ಒತ್ತಿದರೆ ಒಂದು ಮೋಟರು ಜ್ವರ ಬಂದವರ ಹಾಗೆ ನಡುಗಿತೇ ಹೊರತು ತಿರುಗಲಿಲ್ಲ. ಸತ್ತದ್ದು ಮೋಟರೋ, ಅದಕ್ಕೆ ಅಳತೆ ಮಾಡಿ ಕರೆಂಟು ಉಣಿಸುವ ಡ್ರೈವರ್ ಎಂಬ ಪುಟ್ಟ ಬೋರ್ಡೋ? ಪಕ್ಕದ ಮೋಟರಿನ ಡ್ರೈವರ್ ಜೊತೆ ಅದಲುಬದಲು ಮಾಡಿ ನೋಡಬೇಕೆಂದು ಇಂಟರ್‌ನೆಟ್ ಹೇಳಿತು. ತಿರುವುಮುರುವಾಗಿ ಕೂರಿಸಿದರೆ ಅದೂ ಸುಡುತ್ತದೆ ಎಂದೂ ಹೇಳಿತು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಬೋರ್ಡಿನ ದೀಪ ಆರಿದ ಮೇಲೂ ಹಾವಿನ ಬುಟ್ಟಿಗೆ ಕೈ ಹಾಕುವವನಂತೆ ಬದಲಿಸಿದೆ. ಪ್ಲಗ್ ಸಿಕ್ಕಿಸಿ ನೋಡಿದರೆ ಮೊದಲಿನದು ತಿರುಗಿತು, ಪಕ್ಕದ್ದು ನಡುಗಿತು; ಪ್ಲಗ್ ಮತ್ತೆ ಕಿತ್ತೆ. ಕಾಯಿಲೆ ಬೋರ್ಡಿನ ಜೊತೆಯಲ್ಲೇ ಹೋಗಿತ್ತು. ಸತ್ತದ್ದು ಡ್ರೈವರ್. ಭಾನುವಾರ, ಇಂಥ ಬೋರ್ಡು ಸಿಗುವ ಚಾಂದನಿಯ ಅಂಗಡಿಗಳೆಲ್ಲ ಬಂದ್.

ಕೆಳಗಿಂದ ಮಾಶಿಮಾ, "ಹೋಲೋ ಬಾಬಾ? ಆಯ್ತಾ?" ಎಂದು ಕೂಗಿದರು. "ಹೋಚ್ಛೇ ಮಾಶಿಮಾ, ಆಗ್ತಾ ಇದೆ" ಎಂದೆ. ಅಚ್ಚಿಲ್ಲದೆ ಬೋಳುಬೋಳಾಗಿ ಬೀಗರ ಮನೆಗೆ ಹೋದ ಸಂದೇಶ್, ಅದನ್ನು ನೋಡಿ ಹುಬ್ಬೇರಿಸಿದ ಬೀಗರು, ತಲೆ ತಗ್ಗಿಸಿ ನಿಂತ ಅತ್ತಿಗೆ, ಮೆಟ್ಟಿಲ ಮೇಲೆ ನಾನು ಮತ್ತು ನನ್ನ ಸೂಟ್‌ಕೇಸು, ಎಲ್ಲ ಕಣ್ಮುಂದೆ ಬಂದವು.

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಅತ್ತಿಗೆಯ ಚಪ್ಪಲಿ ಸದ್ದು. ನಾನು ಕೋಣೆಯ ಬಾಗಿಲು ಹಾಕಿಕೊಂಡೆ. ಭಯಕ್ಕೆ ಬುದ್ಧಿ ಇರುವುದಿಲ್ಲ, ಬಾಯಿ ಮಾತ್ರ ಇರುತ್ತದೆ. "ಝೂಂಂಂಯ್... ಟಿಟಿಟಿ... ಝೀಂಂಂ..."

ಹೊರಗಿಂದ ಅತ್ತಿಗೆ, "ಓಡ್ತಿದೆಯೇನೋ?"

"ಝೂಂಂಂಯ್!" ಎಂದೆ. ಯಂತ್ರ ಉತ್ತರಿಸಬಾರದಿತ್ತು.

ಬಾಗಿಲು ತೆರೆಯಿತು. ಅತ್ತಿಗೆ ಪ್ಲಗ್ ಕಿತ್ತಿದ್ದುದನ್ನು ನೋಡಿದರು, ನನ್ನನ್ನು ನೋಡಿದರು. ಸತ್ತ ಡ್ರೈವರನ್ನು ಬೆರಳು ಮಾಡಿ ತೋರಿಸಿದೆ. ಬೋರ್ಡಿನ ಮೂಲೆಯಲ್ಲಿ ಯಾವ ಮೋಟರಿಗೂ ಸೇರದೆ ಕೂತಿದ್ದ ನಾಲ್ಕನೇ ಡ್ರೈವರನ್ನು ಕಿತ್ತು, ಸತ್ತದ್ದರ ಜಾಗಕ್ಕೆ ಒತ್ತಿದರು. ಗಾಬರಿಯಲ್ಲಿ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಪ್ಲಗ್ ಹಾಕಿ ಸ್ಟಾರ್ಟ್ ಒತ್ತಿದ್ದೇ ಮೋಟರುಗಳು ಹಾಡತೊಡಗಿದವು. ಕತ್ತಲಾಗುವಷ್ಟರಲ್ಲಿ ಮರದಲ್ಲಿ ಮೀನು ಮೂಡಿತ್ತು, ಮಾಶಿಮಾ ಅದನ್ನು ಹಣೆಗೊತ್ತಿಕೊಂಡು ಇಳಿದು ಹೋದರು.

ಜೀವ ಬಂದ ಮೇಲೆ ಕಲಾವಿದನ ಅಹಂಕಾರವೂ ಬಂತು. "ಅತ್ತಿಗೆ, ನಿಜ ಹೇಳಿ, ಸದ್ದು ಮಷೀನಿನ ಥರಾನೇ ಇತ್ತು ತಾನೆ? ಹೇಗೆ ಗೊತ್ತಾಯ್ತು?"

ಅವರು ಮರದ ಪುಡಿ ಗುಡಿಸುತ್ತ, ತಲೆಯೆತ್ತದೆ ಹೇಳಿದರು: "ಸದ್ದೆಲ್ಲ ಸರಿಯಾಗೇ ಇತ್ತು ಕಣೋ. ನಮ್ಮ ಮಷೀನು ಮಧ್ಯೆಮಧ್ಯೆ ಉಸಿರು ಎಳ್ಕೊಳಲ್ಲ, ಅಷ್ಟೇ."