ಗರಗದ ಸೊಪ್ಪು, ಅತ್ತೆಯ ಸಿಟ್ಟು

ನಮ್ಮ ಅತ್ತೆಗೆ ಸಿಟ್ಟು ಬರುವುದೇ ಇಲ್ಲ. ಬರಬೇಕಾದರೆ ಅದು ಒಮ್ಮೆಯಾದರೂ ಹೋಗಿರಬೇಕಲ್ಲ! ಅವರ್ಸಾ ಊರಿನ ಅವರ ಮನೆಯಲ್ಲಿ ಅದರದ್ದು ಖಾಯಂ ವಾಸ. ಅಪ್ಪನ ತಂಗಿಯಾದ ಈ ಅತ್ತೆ ಹಾಲು ಉಕ್ಕಿದರೆ ಒಲೆಯನ್ನು ಬೈಯುತ್ತಾರೆ, ಉಕ್ಕದಿದ್ದರೆ ಎಮ್ಮೆಯನ್ನು ಬೈಯುತ್ತಾರೆ.

ಅವರು ಬೈಯದೆ ಬಿಟ್ಟದ್ದು ಗರಗದ ಗಿಡವನ್ನು ಮಾತ್ರ. ಗದ್ದೆಯ ಬದು, ಬಾವಿಯ ಬುಡ, ಹೀಗೆ ನೀರಿನ ಪಸೆ ಇದ್ದಲ್ಲೆಲ್ಲ ತಾನಾಗಿ ಏಳುವ ಗಿಡ. ಅಂಗಿಯ ಗುಂಡಿಗಿಂತ ಚಿಕ್ಕ ಬಿಳಿ ಹೂ. ಎಲೆ ತಿಕ್ಕಿದರೆ ಕೈ ಕಪ್ಪಾಗುತ್ತದೆ. ಕೊಂಕಣಿಯವರು ಮಾಕೊ ಎನ್ನುತ್ತಾರೆ, ಪಂಡಿತರು ಭೃಂಗರಾಜ. ಸೂರ್ಯಕಾಂತಿಯ ಕುಲವಂತೆ, ಬಡ ನೆಂಟನಿರಬೇಕು. ಅತ್ತೆ ಅದರ ರಸವನ್ನು ಕೊಬ್ಬರಿ ಎಣ್ಣೆಯಲ್ಲಿ ಕುದಿಸಿಟ್ಟು, ಬಂದವರ ತಲೆ ಹಿಡಿದು ತಿಕ್ಕುತ್ತಾರೆ. ಕರೆಂಟಿನ ಮೀಟರ್ ನೋಡಲು ಬಂದವನನ್ನೂ ಬಿಡಲಿಲ್ಲ. "ಕೂದ್ಲು ಉದುರ್ತದಲ್ಲ, ಕೂತ್ಕ" ಎಂದು ಮೆಟ್ಟಿಲ ಮೇಲೆ ಕೂರಿಸಿಯೇಬಿಟ್ಟರು. ಈಗ ಆ ಪುಣ್ಯಾತ್ಮ ಹೆಲ್ಮೆಟ್ ತೆಗೆಯದೆ ಮೀಟರ್ ಓದುತ್ತಾನೆ.

ಮಾವನ ತಲೆ ಕೊನೆಯವರೆಗೂ ಕಪ್ಪಗೇ ಇತ್ತು. ಅತ್ತೆಯದು ಅವರಿಗಿಂತ ಎಷ್ಟೋ ಮೊದಲು ನೆರೆಯಿತು. "ನಿಮ್ಗ್ಯಾಕೆ ಎಣ್ಣೆ ನಾಟ್ಲಿಲ್ಲ?" ಎಂದು ಕೇಳಿದ್ದೆ.

"ನಿನ್ನ ಮಾವನ ಸಂಗಡ ಸಂಸಾರ ಮಾಡ್ದವ್ಳು ನಾನು. ಅವ್ರಲ್ಲ."

ಮಾತು ಸುಳ್ಳಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಉಣ್ಣುವ ಎಲೆ ಬಿಟ್ಟು ಎದ್ದು ಹೋಗುವ ಮನುಷ್ಯ ಮಾವ. ಸತ್ತ ಮೇಲೂ ಅತ್ತೆಗೆ ಅದೇ ಹೆದರಿಕೆ. ನಮ್ಮಲ್ಲಿ ಶ್ರಾದ್ಧಕ್ಕೆ ಗರಗದ ಎಲೆ ಬೇಕೇ ಬೇಕು. ಅದಿಲ್ಲದಿದ್ದರೆ ಬಂದ ಪಿತೃಗಳು ಉಣ್ಣದೆ ಹೋಗುತ್ತಾರೆಂದು ಅತ್ತೆಯ ನಂಬಿಕೆ.

ಈ ಸಲ ಶ್ರಾದ್ಧ ಹತ್ತಿರ ಬಂದಾಗ ಅತ್ತೆಯ ಮಗ, ಜನ ಬರುತ್ತಾರೆ, ಸುತ್ತಮುತ್ತ ಚೊಕ್ಕವಾಗಿರಲಿ ಎಂದು ಕಳೆನಾಶಕ ಹೊಡೆದ. ಬಾವಿಯ ಬುಡದಿಂದ ಗದ್ದೆಯ ಬದುವಿನವರೆಗೆ ಎಲ್ಲ ಸುಟ್ಟು ಕಂದಾಗಿ ಮಲಗಿತು. ಅಪ್ಪನ ಶ್ರಾದ್ಧಕ್ಕೆಂದು ಆ ಶ್ರಾದ್ಧದ ಸೊಪ್ಪನ್ನೇ ಕೊಂದ ಮಗನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಮಲ್ಲಾಪುರದ ಕ್ವಾರ್ಟರ್ಸಿನಲ್ಲಿದ್ದ ನನಗೆ ಅತ್ತೆಯ ಫೋನ್ ಬಂತು. "ತಮಾ, ಇವ ಅಪ್ಪಂಗೆ ಅನ್ನ ಹಾಕುವವ ಅಲ್ಲ, ಸತ್ತವ್ರನ್ನೂ ಉಪಾಸ ಕೆಡಗುವವ. ಭಟ್ರು ತುಳಸಿ ಸಾಕು ಅಂದ್ರು. ಹಂಗಾರೆ ದಕ್ಷಿಣೆ ಬದ್ಲು ನಮಸ್ಕಾರ ಸಾಕಾ ಅಂತ ಕೇಳ್ದೆ."

ನನಗೂ ರೇಗಿತು. ಈಗ ಹುಲ್ಲು ಕೀಳಲು ಯಾರಿಗೂ ಸೊಂಟ ಬಗ್ಗುವುದಿಲ್ಲ. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ವಿಷ ಹೊಡೆದರಾಯಿತು! ಆಮೇಲೆ ಅದೇ ಗಿಡದ ಚಿತ್ರವಿರುವ ಎಣ್ಣೆಯನ್ನು ಪೇಟೆಯಿಂದ ತಂದು ತಲೆಗೆ ಬಳಿದುಕೊಳ್ಳುವುದು. ಇದಕ್ಕೆ ಬುದ್ಧಿ ಎನ್ನುತ್ತಾರೆಯೇ?

ಮಗ ಬೈಕಿನಲ್ಲಿ ಬೆಳಂಬಾರದವರೆಗೆ ಹುಡುಕಿ ಏನೋ ಕಿತ್ತು ತಂದ. ಹೂ ಹಳದಿ. ಅತ್ತೆ ಅದನ್ನು ಎಮ್ಮೆಯ ಮುಂದೆ ಎಸೆದರು. ಎಮ್ಮೆಯೂ ಮುಖ ತಿರುಗಿಸಿತಂತೆ.

ಕೊನೆಗೆ ಗರಗ ಸಿಕ್ಕಿದ್ದು ನಮ್ಮ ಕ್ವಾರ್ಟರ್ಸಿನ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ. ಶ್ರಾದ್ಧದ ಬೆಳಿಗ್ಗೆ ಒಯ್ದು ಕೊಟ್ಟೆ. ಅತ್ತೆ ಒಂದು ಎಲೆಯನ್ನು ಅಂಗೈಯಲ್ಲಿ ತಿಕ್ಕಿ, ಕಪ್ಪಾದದ್ದನ್ನು ನೋಡಿ, "ಎಲ್ಲೀದು?" ಎಂದರು. ಹೇಳಿದೆ.

"ಸೋಪಿನ ನೀರು ಕುಡ್ದು ಬೆಳ್ದದ್ದು. ನಿಮ್ಮೆಲ್ಲರಕಿಂತ ಮಡಿ ಅದೆ," ಎಂದು ಒಳಗೆ ಹೋದರು.

ಶ್ರಾದ್ಧ ಮುಗಿಯುವವರೆಗೂ ಮಗ ತಲೆ ಎತ್ತಲಿಲ್ಲ. ತಾಯಿ ಅವನ ಮುಖ ನೋಡಲಿಲ್ಲ, ನೋಡದೆಯೇ ಬೈದರು. ಪಂಚೆ ಉಟ್ಟದ್ದು ಸರಿಯಿಲ್ಲ, ನೀರು ಬಿಟ್ಟದ್ದು ಸರಿಯಿಲ್ಲ. ಇಷ್ಟಕ್ಕೂ ಅವನು ಮನೆಯಂಗಳ ಚೊಕ್ಕ ಮಾಡಲು ಹೋದವನಲ್ಲವೇ? ನನಗೆ ಅತ್ತೆಯ ಮೇಲೂ ಸಿಟ್ಟು ಬಂತು. ಕಾಗೆಗೆ ಎಲೆ ಇಟ್ಟಾಯಿತು. ಎಲ್ಲರೂ ಒಳಗೆ ಹೋದರು. ಕೈ ತೊಳೆಯಲು ನಾನು ಬಾವಿಯ ಕಡೆ ಹೋದೆ. ಅತ್ತೆ ಕಾಗೆಗಿಟ್ಟ ಎಲೆಯ ಎದುರು ಒಬ್ಬರೇ ನಿಂತಿದ್ದರು, ತಲೆಯ ಮೇಲೆ ಸೆರಗು. ಅಷ್ಟು ಸಣ್ಣ ದನಿ ಅವರಿಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

"ಈ ಸಲ ಮಲ್ಲಾಪುರದ ಸೊಪ್ಪು. ಪೋರಂಗೆ ತಿಳೀಲಿಲ್ಲ. ಅವಂಗೆ ಬೈಯೂದೆಲ್ಲ ನಾನೇ ಬೈದಾಗದೆ, ನೀವು ಬೈಬೇಡಿ. ಉಂಡ್ಕಂಡ್ ಹೋಗಿ."