ಕೂರುವಷ್ಟು ಜಾಗ

ತಾವು ಸತ್ತ ದಿನ ಬೆಳಗ್ಗೆ ಆರೂವರೆಗೆ ಸದಾಶಿವಯ್ಯನವರು ತುಮಕೂರಿನ ತಮ್ಮ ಮನೆಯ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದರು. ಏಳಡಿ ಉದ್ದ, ಮೂರೂವರೆ ಅಡಿ ಅಗಲ. ಆಮೇಲೆ ನಡೆದ ಅನಾಹುತಕ್ಕೆಲ್ಲ ಆ ಗೆರೆಗಳೇ ಮೂಲ.

ಅಮಾನಿಕೆರೆ ಪಾರ್ಕಿನಲ್ಲಿ ದಿನಾ ಬೆಳಗ್ಗೆ ನಡೆಯುವ ಹನ್ನೆರಡು ಮಂದಿಯ ತಂಡ ಬರುವ ಸೋಮವಾರ ಹಿಮಾಲಯಕ್ಕೆ ಟ್ರೆಕ್ಕಿಂಗ್ ಹೊರಟಿತ್ತು. ಮುಖಂಡರು ಗಂಗಾಧರ್, ನಿವೃತ್ತ ಡ್ರಿಲ್ ಮಾಸ್ತರು. ಹನ್ನೆರಡರಲ್ಲಿ ಸದಾಶಿವಯ್ಯನವರೂ ಒಬ್ಬರು. ವಯಸ್ಸು ಐವತ್ತೊಂಬತ್ತು, ಅರವತ್ತು ತುಂಬಿದವರನ್ನು ಆ ಟ್ರೆಕ್ಕಿಂಗ್ ಕಂಪನಿ ಕರೆದೊಯ್ಯುವುದಿಲ್ಲವಾದ್ದರಿಂದ ಇದೇ ಮೊದಲು, ಇದೇ ಕೊನೆ. ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷದಿಂದ ಕಂಡವರ ಪ್ರವಾಸದ ರಜೆಯ ಅರ್ಜಿಗಳನ್ನು ಸಾಹೇಬರ ಸಹಿಗೆ ಇಡುವುದೇ ಅವರ ಕೆಲಸವಾಗಿತ್ತು. ಶಿಮ್ಲಾ, ಕಾಶ್ಮೀರ, ಡಾರ್ಜಿಲಿಂಗ್ ಎಲ್ಲವೂ ಅವರ ಮೇಜಿನ ಮೇಲೆ ಹಾದುಹೋಗಿದ್ದವು. ಅವರು ಮಾತ್ರ ಶ್ರೀಶೈಲ ದಾಟಿರಲಿಲ್ಲ. ಒಂದು ಸಲ, ಒಂದೇ ಒಂದು ಸಲ ಹಿಮವನ್ನು ಮುಷ್ಟಿಯಲ್ಲಿ ಹಿಡಿದು ನೋಡಬೇಕು ಎಂಬ ಆಸೆ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

"ಸಾಯೋಕೆ ಅಷ್ಟು ದೂರ ಯಾಕ್ರೀ ಹೋಗ್ಬೇಕು? ಇಲ್ಲೇ ನಮ್ಮ ರೋಡಲ್ಲಿ ಲಾರಿ ಓಡಾಡಲ್ವಾ?" ಎಂದು ಹೆಂಡತಿ ಉಮಾಮಹೇಶ್ವರಿ ಕೇಳಿದ್ದರು.

ತೊಡಕು ಇದ್ದದ್ದು ಟೆಂಟಿನದು. ಕಂಪನಿಯವರು ಕೊಡುವ ಟೆಂಟಿನಲ್ಲಿ ಮೂವರು ಮಲಗಬೇಕು, ತೆವಳಿಕೊಂಡೇ ಒಳಗೆ ಹೋಗಿ ತೆವಳಿಕೊಂಡೇ ಹೊರಗೆ ಬರಬೇಕು. ಸದಾಶಿವಯ್ಯನವರೋ ಬೆಳಗ್ಗೆ ಇಷ್ಟಲಿಂಗ ಪೂಜೆ ಆಗದೆ ತೊಟ್ಟು ನೀರೂ ಮುಟ್ಟದ ಮನುಷ್ಯ. ಪೂಜೆಗೆ ಬೆನ್ನು ನೆಟ್ಟಗೆ ಮಾಡಿ ಕೂರಬೇಕು. ಹೊರಗೆ ಕೂರೋಣವೆಂದರೆ ಹಿಮದಲ್ಲಿ ಕೈಯಲ್ಲಿನ ಲಿಂಗದ ಜೊತೆ ಕೈಯೂ ಕಲ್ಲಾದೀತು. "ಹಂಗಾದ್ರೆ ನಿಮ್ಮ ಟೆಂಟ್ ನೀವೇ ತಗೊಳಿ ಸಾರ್. ಆದ್ರೆ ಹೊರೋದೂ ನೀವೇ" ಎಂದಿದ್ದರು ಗಂಗಾಧರ್. ಹೊರಲು ಹಗುರವಾಗಿರಬೇಕು, ಕೂತರೆ ತಲೆ ತಗುಲಬಾರದು. ಹೆಂಡತಿ ಕುಣಿಗಲ್ಲಿನ ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದ ಆ ದಿನವೇ ಟೆಂಟು ಕೊಂಡುಬಿಡಬೇಕೆಂದು ಅವರು ನಿಶ್ಚಯಿಸಿದ್ದರು.

ಆದ್ದರಿಂದಲೇ ಗೆರೆ. ಬಟ್ಟೆ ಒಣಹಾಕುವ ಕಂಬದಿಂದ ನೀರಿನ ಟ್ಯಾಂಕಿಗೆ ಮೂರೂಕಾಲಡಿ ಎತ್ತರದಲ್ಲಿ ಒಂದು ದಾರ ಕಟ್ಟಿ, ಹಣೆಗೆ ವಿಭೂತಿ ಧರಿಸಿ, ಗೆರೆಗಳ ನಡುವೆ ಚಕ್ಕಳಮಕ್ಕಳ ಹಾಕಿ, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿದರು. ದಾರ ನೆತ್ತಿಗೆ ತಾಗಿತು. ಮೂರೂವರೆ ಬೇಕು ಎಂದುಕೊಂಡರು.

ಪಕ್ಕದ ತಾರಸಿಯಲ್ಲಿ ಸಂಡಿಗೆ ಒಣಹಾಕುತ್ತಿದ್ದ ಮಹಾಲಕ್ಷ್ಮಮ್ಮನ ಕೈಯಿಂದ ಹಿಟ್ಟಿನ ಪಾತ್ರೆ ಜಾರಿತು.

ಅವಳದೇನೂ ತಪ್ಪಿಲ್ಲ. ಸದಾಶಿವಯ್ಯನವರ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ. ಎರಡು ವರ್ಷದ ಹಿಂದೆ ಅವರ ತಂದೆಯನ್ನು ನಿಟ್ಟೂರಿನ ತೋಟದಲ್ಲಿ ಹೀಗೇ ಕೂರಿಸಿದ್ದನ್ನು ಮಹಾಲಕ್ಷ್ಮಮ್ಮ ಕಣ್ಣಾರೆ ಕಂಡಿದ್ದಳು.

"ಏನ್ ಸಾರ್ ಮಾಡ್ತಾ ಇದೀರ?" ಅಂದಳು.

"ಅಳತೆ ನೋಡ್ತಿದ್ದೆ ಕಣಮ್ಮ. ನಮ್ಮೋಳಿಗೆ ಈಗ್ಲೇ ಹೇಳ್ಬೇಡಿ, ಸುಮ್ನೆ ರಂಪ ಮಾಡ್ತಾಳೆ" ಎಂದು ಅವರು ದಾರ ಸುತ್ತಿಕೊಂಡು ಇಳಿದುಹೋದರು.

ಮಹಾಲಕ್ಷ್ಮಮ್ಮ ಮಾತು ಉಳಿಸಿಕೊಳ್ಳುವ ಹೆಂಗಸು. ಉಮಾಗೆ ಹೇಳಲಿಲ್ಲ. ನಿಟ್ಟೂರಿನಲ್ಲಿರುವ ಸದಾಶಿವಯ್ಯನವರ ತಮ್ಮ ಚನ್ನೇಶನಿಗೆ ಫೋನು ಮಾಡಿ ಹೇಳಿದಳು. "ನಿಮ್ಮಣ್ಣ ತನ್ನ ಅಳತೆ ತಾನೇ ತಗೋತಾವ್ರೆ ಕಣಪ್ಪ. ಒಳಗೆ ಏನೋ ಕಾಯ್ಲೆ ಮುಚ್ಚಿಟ್ಕೊಂಡವ್ರೆ."

ಚನ್ನೇಶ್ ಅಣ್ಣನಿಗೆ ಫೋನು ಹಚ್ಚಿದ. ಸ್ವಿಚ್ ಆಫ್. ಆ ಹೊತ್ತಿಗೆ ಸದಾಶಿವಯ್ಯನವರು ಟ್ರೆಕ್ಕಿಂಗಿಗೆ ಬೇಕಾದ ಫಿಟ್‌ನೆಸ್ ಸರ್ಟಿಫಿಕೇಟಿಗಾಗಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎದೆಗೆಲ್ಲ ವೈರು ಅಂಟಿಸಿಕೊಂಡು ಮಿಷನ್ನಿನ ಮೇಲೆ ಓಡುತ್ತಿದ್ದರು. ಹತ್ತು ಗಂಟೆಗೆ ಕಚೇರಿ ತೆರೆದ ಮೇಲೆ ಚನ್ನೇಶ್ ಅಲ್ಲಿಗೆ ಫೋನು ಮಾಡಿದ. ಅಲ್ಲಿ ಎತ್ತಿಕೊಂಡವನು ಸಹೋದ್ಯೋಗಿ ನಾಗೇಶ್. ಅವನು ಬೆಳಗ್ಗೆ ಅತ್ತೆಯ ಸಕ್ಕರೆ ಕಾಯಿಲೆಗೆಂದು ಅದೇ ಆಸ್ಪತ್ರೆಗೆ ಹೋಗಿದ್ದವನು.

"ಹೌದು ಚನ್ನೇಶಣ್ಣ, ಹಾರ್ಟ್ ಸೆಕ್ಷನ್ನಲ್ಲಿ ನೋಡ್ದೆ. ಎದೆ ತುಂಬಾ ವೈರು, ಮೈಯೆಲ್ಲಾ ಬೆವರು, ಏದುಸಿರು ಬಿಡ್ತಿದ್ರು. ನರ್ಸು ಬಾಗ್ಲು ಹಾಕ್ಬಿಟ್ಲು."

ಮಹಾಲಕ್ಷ್ಮಮ್ಮ ಹೇಳಿದ್ದು ಅಳತೆಯ ವಿಷಯ ಮಾತ್ರ. ನಾಗೇಶ್ ಹೇಳಿದ್ದು ವೈರಿನ ವಿಷಯ ಮಾತ್ರ. ಸತ್ತರು ಎಂದು ಯಾರೂ ಹೇಳಲಿಲ್ಲ. ಸಾವು ಆ ಎರಡು ಫೋನುಗಳ ನಡುವೆ ತಾನಾಗಿಯೇ ಆಗಿಹೋಯಿತು. ಹಾರೆ ಗುದ್ದಲಿಯ ಕಾಲವಾಗಿದ್ದರೆ ಗುಂಡಿ ತೋಡುವಷ್ಟರಲ್ಲಿ ನಿಜ ಬಂದು ಮುಟ್ಟುತ್ತಿತ್ತು. ಈಗ ಜೆಸಿಬಿ. ಹನ್ನೆರಡು ಗಂಟೆಗೆಲ್ಲ ನಿಟ್ಟೂರಿನ ತೆಂಗಿನ ತೋಟದಲ್ಲಿ, ಅಪ್ಪನ ಸಮಾಧಿಯ ಪಕ್ಕಕ್ಕೆ, ಅಚ್ಚುಕಟ್ಟಾದ ಗುಂಡಿ ಸಿದ್ಧವಾಗಿತ್ತು.

ಸತ್ತವರು ಆಗ ಸಂತೋಷವಾಗಿ ಅಂಗಡಿಯಲ್ಲಿ ಟೆಂಟು ಆರಿಸುತ್ತಿದ್ದರು. ಜೇಬಿನಲ್ಲಿ ಸರ್ಟಿಫಿಕೇಟಿತ್ತು. "ನಿಮ್ಮ ಹಾರ್ಟು ಕುದುರೆ ಹಾರ್ಟು" ಎಂದು ಡಾಕ್ಟರು ಬಾಯಲ್ಲೂ ಹೇಳಿದ್ದರು.

ಮೊದಲನೆಯ ಟೆಂಟು ಹೂವಿನಷ್ಟು ಹಗುರ. ಒಳಗೆ ಕೂತರೆ ಗದ್ದ ಎದೆಗೆ ಒತ್ತುತ್ತಿತ್ತು. ಎರಡನೆಯದರಲ್ಲಿ ಬೀಗರನ್ನೂ ಕೂರಿಸಿ ಊಟ ಹಾಕಬಹುದಿತ್ತು, ಆದರೆ ಹೊರಲು ಎತ್ತು ಬೇಕು. ಮೂರನೆಯದರೊಳಗೆ ಹೋಗಿ ಕೂತು ಕಣ್ಣು ಮುಚ್ಚಿ ಮೊಣಕೈ ಆಡಿಸಿದರು. ತಲೆ ತಗುಲಲಿಲ್ಲ, ಮೊಣಕೈಯೂ ತಗುಲಲಿಲ್ಲ.

"ಸಾರ್, ಆಯ್ತಾ?" ಎಂದು ಅಂಗಡಿಯವನು ಹೊರಗಿನಿಂದ ಕೂಗಿದ.

"ಐದು ನಿಮಿಷ ಇರಪ್ಪ" ಅಂದರು. ಹೊರಗೆ ಬರಲು ಅವರಿಗೆ ಮನಸ್ಸೇ ಇರಲಿಲ್ಲ. ಆ ಹಸಿರು ಬಟ್ಟೆಯಾಚೆ ತುಮಕೂರಿನ ಬಿಸಿಲಿಲ್ಲ, ಹಿಮವಿದೆ ಎಂದು ಒಂದು ಗಳಿಗೆ ನಂಬಿಬಿಟ್ಟಿದ್ದರು.

ಟೆಂಟನ್ನು ಸ್ಕೂಟರಿಗೆ ಕಟ್ಟಿ ಫೋನು ಆನ್ ಮಾಡಿದರೆ ವಾಕಿಂಗ್ ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಯಾರದೋ ಫೋಟೊ, ಪಕ್ಕದಲ್ಲಿ ದೀಪ, ಕೆಳಗೆ ನಲವತ್ತು ಸಲ ಓಂ ಶಾಂತಿ. ಪಾಪ, ಮುಖದಲ್ಲಿ ಕಳೆಯಿತ್ತು ಎಂದುಕೊಂಡರು. ಆಮೇಲೆ ಅಂಗಿಯ ಗುರುತು ಸಿಕ್ಕಿತು. ತಮ್ಮದೇ.

ಕೂಡಲೇ "ನಾನು ಬದುಕಿದ್ದೇನೆ" ಎಂದು ಬರೆದು ಹಾಕಿದರು.

"ಸತ್ತವರ ಫೋನಿನಲ್ಲಿ ತಮಾಷೆ ಮಾಡೋ ಆ ಅವಿವೇಕಿ ಯಾರ್ರೀ?" ಎಂದು ಗಂಗಾಧರ್ ಅವರ ಉತ್ತರ ಬಂತು. ಮರುಕ್ಷಣವೇ ಅವರನ್ನು ಗ್ರೂಪಿನಿಂದ ತೆಗೆದುಹಾಕಲಾಯಿತು. ಕರೆ ಮಾಡಿದರೆ ಮಾಸ್ತರು ಎತ್ತಲಿಲ್ಲ.

ಚನ್ನೇಶನಿಗೆ ಫೋನು ಮಾಡಿದರು. ಅತ್ತ ಕಡೆ ಏನೋ ಬಿದ್ದ ಸದ್ದು, ಆಮೇಲೆ ಉಸಿರು.

"ಅಣ್ಣಾ... ನೀನೇನಾ?"

"ನಾನೇ ಕಣೋ! ಯಾವನೋ ಹೇಳಿದ್ದು ನಾನ್ ಸತ್ತೆ ಅಂತ?"

"ಯಾರ್ ಹೇಳುದ್ರೋ ಈಗ ಗೊತ್ತಾಯ್ತಿಲ್ಲ. ಬಿರ್ರನೆ ಬಂದ್ಬುಡಣ್ಣ. ಗುಂಡಿ ತೋಡ್ಸಿ ಆಗೋಗದೆ. ಅತ್ತಿಗೆಗೆ ಯಾರೋ ತಿಳಿಸ್ಬುಟ್ಟವ್ರೆ, ಕುಣಿಗಲ್ಲಿಂದ ಕಾರಲ್ಲಿ ಬತ್ತಾವ್ರೆ. ಫೋನ್ ಎತ್ತುತಿಲ್ಲ."

ಸದಾಶಿವಯ್ಯನವರು ಹೆಲ್ಮೆಟ್ಟು ಹಾಕಿಕೊಂಡರು. ಅಲ್ಲಿಂದಲೇ ನಿಟ್ಟೂರಿಗೆ ಸ್ಕೂಟರು ಬಿಟ್ಟರು. ಗುಬ್ಬಿಯ ಹತ್ತಿರ ಒಂದು ಟೆಂಪೊ ಅವರನ್ನು ಹಿಂದೆ ಹಾಕಿತು. ಒಳಗೆ ಕಚೇರಿಯವರೆಲ್ಲ ಇದ್ದರು, ಕಿಟಕಿಯ ಪಕ್ಕ ನಾಗೇಶ್ ಆಳೆತ್ತರದ ಹೂವಿನ ಹಾರ ಹಿಡಿದು ಕೂತಿದ್ದ. ಅವರು ಕೈಬೀಸಿದರು. ಹೆಲ್ಮೆಟ್ಟಿನೊಳಗಿನ ಮುಖ ಯಾರಿಗೂ ತಿಳಿಯಲಿಲ್ಲ. ತಮ್ಮ ಹಾರದ ಹಿಂದೆಯೇ ತಾವು ಊರು ಸೇರಿದರು.

ಉಮಾ ಆಗಲೇ ಬಂದಿದ್ದರು. ಗುಂಡಿಯ ಅಂಚಿನಲ್ಲಿ, ಗೃಹಪ್ರವೇಶಕ್ಕೆ ಉಟ್ಟ ರೇಷ್ಮೆ ಸೀರೆಯಲ್ಲೇ, ಅಳದೆ ಕೂತಿದ್ದರು. ಬದುಕಿದ್ದಾರೆಂದು ಚನ್ನೇಶ್ ನೂರು ಸಲ ಹೇಳಿದ್ದನ್ನು ಸಮಾಧಾನದ ಮಾತೆಂದು ತಳ್ಳಿಹಾಕಿದ್ದರು. ಗಂಡ ಎದುರಿಗೆ ಬಂದಾಗ ಎದ್ದು, ಎರಡೂ ಕೈಯಲ್ಲಿ ಅವರ ಮುಖ ಹಿಡಿದು, ಬಿಸಿಯಾಗಿದೆಯೇ ಎಂದು ನೋಡಿದರು. ಕುಣಿಗಲ್ಲಿನಿಂದ ನಿಟ್ಟೂರಿನವರೆಗೆ ಅವರು ವಿಧವೆಯಾಗಿದ್ದರು. ಆ ಮುಖ ನೋಡಿ ಸದಾಶಿವಯ್ಯನವರಿಗೆ ಅಳು ಬಂತು.

"ಕುದುರೆ ಹಾರ್ಟು ಅಂತೆ ಕಣೇ, ನೋಡು" ಎಂದು ಸರ್ಟಿಫಿಕೇಟು ತೆಗೆದು ತೋರಿಸಿದರು. ಅದು ಕೈಯಿಂದ ಕೈಗೆ ಹೋಗಿ, ಬಂದವರೆಲ್ಲ ಓದಿ, ಸ್ವಲ್ಪ ನಿರಾಶೆಯಿಂದಲೇ ಹಿಂದಿರುಗಿಸಿದರು.

ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ದೊಡ್ಡಪ್ಪ ಅಣ್ಣಯ್ಯಪ್ಪನವರಿದ್ದರಲ್ಲ. ಎಂಬತ್ತನಾಲ್ಕು ವರ್ಷ, ಆ ವಂಶದಲ್ಲಿ ಅವರಿಲ್ಲದೆ ಯಾರೂ ಮಣ್ಣಿಗೆ ಹೋದವರಿಲ್ಲ. ಕೋಲೂರಿ ಗುಂಡಿಯೊಳಗೆ ಇಣುಕಿ ನೋಡಿದರು.

"ಬದುಕವ್ನೆ, ಸಂತೋಷ. ಆದ್ರೆ ತೋಡಿದ ಗುಂಡಿನ ಬರಿದಾಗಿ ಮುಚ್ಚಂಗಿಲ್ಲ ಕಣ್ರಲಾ. ಮುಚ್ಚಿದ್ರೆ ಮನೇಲಿ ಇನ್ನೊಬ್ರುನ್ನ ಕರೀತದೆ."

"ಒಂದು ಬೂದುಗುಂಬಳಕಾಯಿ ಇಟ್ಟು ಮುಚ್ಚಿದ್ರಾಯ್ತು ಬುಡು ದೊಡ್ಡಪ್ಪ" ಅಂದ ಚನ್ನೇಶ್.

"ಮಲಗಿಸೋರಿಗೆ ಕುಂಬಳಕಾಯಿ ಸರಿ. ನಮ್ದು ಕೂರೋ ಗುಂಡಿ. ಅದು ಕೂತಾತೇನ್ಲಾ? ಉರುಳ್ಕೊಂಡೋಯ್ತದೆ." ಈ ಶಾಸ್ತ್ರ ಅವರ ಬಾಯಲ್ಲಿ ಆಗತಾನೇ ಹುಟ್ಟಿದ್ದೆಂಬುದು ಎಲ್ಲರಿಗೂ ಗೊತ್ತಿತ್ತು, ಎದುರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. "ಅವನ ಅಳತೆಗೆ ಕೂರೋ ವಸ್ತು ಬೇಕು. ಸ್ಕೂಟರ್ ಮ್ಯಾಲೆ ಅದೇನ್ಲಾ ಹಸಿರು ಗಂಟು?"

"ಟೆಂಟು" ಎಂದರು ಸದಾಶಿವಯ್ಯ. ಅಳತೆಯ ಕತೆಯೆಲ್ಲ ಹೇಳಬೇಕಾಯಿತು. ಮಣ್ಣಿಗೆಂದು ತುಮಕೂರಿನಿಂದ ಬಂದಿದ್ದ ಮಹಾಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮತ್ತಿನ್ನೇನು! ಅವನು ಕೂರೋಕೆ ಅಂತ್ಲೇ ತಂದವ್ನೆ. ಅದ್ನ ಇಳ್ಸಿ ಮಣ್ಣೆಳೀರ್ಲಾ."

"ಅದಿಲ್ದೆ ನಾನು ಹಿಮಾಲಯಕ್ಕೆ ಹೋಗಂಗಿಲ್ಲ ದೊಡ್ಡಪ್ಪ!"

"ಹಂಗಾದ್ರೆ ನೀನೇ ಇಳಿ. ಇಳ್ದು ಒಂದು ಗಳಿಗೆ ಕೂತು, ಎಲ್ರೂ ಮೂರು ಮುಷ್ಟಿ ಮಣ್ಣು ಹಾಕುದ್ಮೇಲೆ ಎದ್ದು ಬಾ. ಗುಂಡಿಗೆ ಸಮಾಧಾನ ಆಯ್ತದೆ."

ಉಮಾ ಗಂಡನ ತೋಳು ಹಿಡಿದರು. "ಕೊಟ್ಬಿಡ್ರೀ ಆ ಟೆಂಟ್‌ನ. ನನ್ ಕಣ್ಮುಂದೆ ಇದರೊಳಕ್ಕೆ ಇಳೀಬೇಡಿ. ನಿಮ್ಗೆ ಕೈ ಮುಗೀತೀನಿ."

ಸದಾಶಿವಯ್ಯನವರು ಹೆಂಡತಿಯನ್ನು ನೋಡಿದರು. ಹಸಿರು ಗಂಟನ್ನು ನೋಡಿದರು. ಮೂವತ್ತೊಂದು ವರ್ಷದ ಅರ್ಜಿಗಳು ಕಣ್ಣಮುಂದೆ ಬಂದವು. ತೋಳು ಬಿಡಿಸಿಕೊಂಡು, ಏಣಿ ಹಾಕಿಸಿ ಗುಂಡಿಗೆ ಇಳಿದರು.

ಒಳಗೆ ತಂಪಾಗಿತ್ತು. ಚಕ್ಕಳಮಕ್ಕಳ ಹಾಕಿ ಕೂತರು. ತಲೆ ತಗುಲಲಿಲ್ಲ, ಮೊಣಕೈ ತಗುಲಲಿಲ್ಲ. ಆ ದಿನ ಕೂತು ನೋಡಿದ ಜಾಗಗಳಲ್ಲಿ ಇದೇ ಎಲ್ಲಕ್ಕಿಂತ ಸಲೀಸಾಗಿತ್ತು. ಅದು ಗೊತ್ತಾದಾಗ ಅವರಿಗೆ ಮೈ ಜುಮ್ಮೆಂದಿತು. ಮೇಲಿಂದ ಮಣ್ಣು ಬೀಳತೊಡಗಿತು. ತಂದದ್ದು ಹಾಳಾಗಬಾರದೆಂದು ನಾಗೇಶ್ ಹಾರವನ್ನೂ ಎಸೆದ, ಅದು ನೇರ ಕೊರಳಿಗೇ ಬಿತ್ತು. ಎಲ್ಲರೂ ಮೂರು ಮುಷ್ಟಿ ಹಾಕಿದರು. ಉಮಾ ಹಾಕಲಿಲ್ಲ.

ಅವರು ಏಣಿ ಹತ್ತಿ ಬಂದಾಗ ಉಮಾ ಮೆಲ್ಲಗೆ ಹೇಳಿದರು, "ನನಗೋಸ್ಕರ ಅದೊಂದು ಬಟ್ಟೆ ಗಂಟು ಬಿಡೋಕಾಗ್ಲಿಲ್ಲ ನಿಮ್ಗೆ. ಗುಂಡೀಲಿ ಕೂತ್ರಲ್ಲ." ಅಷ್ಟು ಹೇಳಿ ತಂಗಿಯ ಕಾರಿನ ಕಡೆ ನಡೆದರು. ಕೂಗಿದರೂ ತಿರುಗಲಿಲ್ಲ. ಕಾರು ಕುಣಿಗಲ್ಲಿಗೇ ಹೋಯಿತು.

ಹಿಮಾಲಯದಿಂದ ಬಂದ ಮೇಲೆ ಕಾಲು ಹಿಡಿದಾದರೂ ಒಲಿಸಿಕೊಂಡರಾಯಿತು ಎಂದು ಸದಾಶಿವಯ್ಯನವರು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಾಗ ತೋಟದೊಳಕ್ಕೆ ಒಂದು ಮಿನಿ ಬಸ್ಸು ಬಂತು. ಗಂಗಾಧರ್ ಮಾಸ್ತರೂ ವಾಕಿಂಗ್ ತಂಡದ ಹತ್ತು ಜನರೂ ಬಿಳಿ ಅಂಗಿ ತೊಟ್ಟು ಸಾಲಾಗಿ ಇಳಿದರು. ಹಾರ ಹಾಕಿಕೊಂಡು ಮೈಯೆಲ್ಲ ಮಣ್ಣಾಗಿ ಗುಂಡಿಯ ಪಕ್ಕ ನಿಂತಿದ್ದ ಸದಾಶಿವಯ್ಯನವರನ್ನು ಕಂಡು ಇಬ್ಬರು ಮತ್ತೆ ಬಸ್ಸು ಹತ್ತಿದರು.

ವಿಷಯ ತಿಳಿದ ಮೇಲೆ ಮಾಸ್ತರು ಬಂದು ಬಾಚಿ ತಬ್ಬಿಕೊಂಡರು. ಆ ಗಟ್ಟಿ ಮನುಷ್ಯನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಸೋಮವಾರ ಹೊರಡೋಣ ಸಾರ್" ಎಂದರು ಸದಾಶಿವಯ್ಯ. "ಸರ್ಟಿಫಿಕೇಟ್ ಇದೆ, ಟೆಂಟೂ ಇದೆ."

ಮಾಸ್ತರ ಅಪ್ಪುಗೆ ಸಡಿಲವಾಯಿತು. "ನಿಮ್ಮನ್ನ ಬಿಟ್ಟು ನಾವ್ ಹೆಂಗ್ ಸಾರ್ ಹೋಗೋದು? ಯಾರ್ಗೂ ಮನಸ್ಸೇ ಬರ್ಲಿಲ್ಲ. ಮಧ್ಯಾಹ್ನ ಪಾರ್ಕಲ್ಲಿ ಎಲ್ರೂ ಸೇರಿ ಎರಡು ನಿಮಿಷ ಮೌನ ಮಾಡಿ, ನಿಮ್ಮ ಗೌರವಕ್ಕೆ ಅಂತ ಟ್ರೆಕ್ಕೇ ಕ್ಯಾನ್ಸಲ್ ಮಾಡ್ಸಿಬಿಟ್ವಿ. ನಮ್ಮ ಜಾಗಗಳ್ನ ಆಗ್ಲೇ ಬೇರೆಯೋರಿಗೆ ಕೊಟ್ಟಾಯ್ತಂತೆ. ಇನ್ನೇನಿದ್ರೂ ಮುಂದಿನ ವರ್ಷ."

ಮುಂದಿನ ವರ್ಷಕ್ಕೆ ಸದಾಶಿವಯ್ಯನವರಿಗೆ ಅರವತ್ತು ತುಂಬಿರುತ್ತಿತ್ತು. ಹಾರ ತೆಗೆದು ನಾಗೇಶನ ಕೈಗೆ ಕೊಟ್ಟರು. ಹಿಂದೆ ಜೆಸಿಬಿ ಗುಂಡಿಗೆ ಮಣ್ಣು ತಳ್ಳುತ್ತಿತ್ತು. ಸ್ಕೂಟರಿನ ಹತ್ತಿರ ಹೋದರೆ ಹಗ್ಗ ಬಿಚ್ಚಿತ್ತು, ಗಂಟಿರಲಿಲ್ಲ. ತೆಂಗಿನ ಮರದ ಬುಡದಲ್ಲಿ ಟೆಂಟು ಎದ್ದು ನಿಂತಿತ್ತು, ಒಳಗೆ ಅಣ್ಣಯ್ಯಪ್ಪನವರು ಚಕ್ಕಳಮಕ್ಕಳ ಹಾಕಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

"ಭೇಷಾಗದೆ ಕಣ್ಲಾ ಸದಾಶಿವ, ತಲೆ ತಗುಲಾಕಿಲ್ಲ" ಅಂದರು. "ನೀನೆಲ್ಲೂ ಹೋಗ್ತಿಲ್ವಂತಲ್ಲ. ಇಲ್ಲೇ ಇರ್ಲಿ ಬುಡು, ನಾನ್ ಕೂತ್ಕೋತೀನಿ."