ಸೂರ್ಯ ಮುಳುಗುವುದರೊಳಗೆ ಪಿಠ್ಲಾ

ನನ್ನ ಮಗಳು ಸನ್ಮತಿ ಊಟ ಮಾಡುವುದಿಲ್ಲ. ಈ ಒಂದು ಚಿಂತೆ ದಿನಾ ಬೆಳಿಗ್ಗೆ ನನಗಿಂತ ಮೊದಲೇ ಎದ್ದು, ಹಾಸಿಗೆಯ ಪಕ್ಕದಲ್ಲಿ ಕೂತು, ನಾನು ಯಾವಾಗ ಕಣ್ಣು ಬಿಡುತ್ತೇನೋ ಎಂದು ಕಾಯುತ್ತಿರುತ್ತದೆ. ಮೂರು ವರ್ಷದ ಹುಡುಗಿ. ಒಂದು ತುತ್ತು ಬಾಯಿಗಿಟ್ಟರೆ ಅದು ಬಲಗೆನ್ನೆಯಲ್ಲಿ ಬಿಡಾರ ಹೂಡುತ್ತದೆ! ಅರ್ಧ ಗಂಟೆ ಬಿಟ್ಟು ನೋಡಿದರೂ ಅಲ್ಲೇ ಇರುತ್ತದೆ, ಬಾಡಿಗೆ ಕೊಡದ ಭಾಡೆಕರಿಯ ಹಾಗೆ. ಪಕ್ಕದ ಮನೆಯ ತ್ರಿಶಲಾಬಾಯಿಯ ಮೊಮ್ಮಗ ಸುಜಯ ಇವಳಿಗಿಂತ ಸಣ್ಣವನು. ಇಡೀ ಜೋಳದ ರೊಟ್ಟಿ ತಿಂದು ತಾಟನ್ನೂ ನೆಕ್ಕುತ್ತಾನೆ. ಅವನು ನೆಕ್ಕುವುದನ್ನು ನೋಡಿದ ದಿನ ನನಗೆ ಅನ್ನ ಇಳಿಯುವುದಿಲ್ಲ.

ಡಾಕ್ಟರಿಗೆ ತೋರಿಸಿದ್ದೂ ಆಯಿತು. ಅವರು ಸನ್ಮತಿಯನ್ನು ತೂಗಿದರು, ಆಮೇಲೆ ಬಹಳ ಹೊತ್ತು ನನ್ನನ್ನು ನೋಡಿದರು. “ಕೂಸು ಛಲೋ ಐತ್ರಿ. ಟಾನಿಕ್ ಬರದಽ ಕೊಡಬೇಕಂದ್ರ ನಿಮಗ ಬರದು ಕೊಡ್ತೀನಿ” ಅಂದರು.

ಇನ್ನು ನಮ್ಮ ಅತ್ತೆ ಸುಗಂಧಾಬಾಯಿಯವರ ಪದ್ಧತಿಯೇ ಬೇರೆ. ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಅಂಗಳದಲ್ಲಿ ಸುತ್ತುತ್ತ, “ಇದು ಗುಬ್ಬಿ ತುತ್ತು, ಇದು ಕಾಗಿ ತುತ್ತು, ಇದು ಕಬ್ಬಿನ ಟ್ರ್ಯಾಕ್ಟರ್ ತುತ್ತು, ಬಂತು ಬಂತು, ಬಾಯಿ ತಗಿ!” ಎಂದು ತುರುಕುವುದು. ಬೆಂಗಳೂರಿನಲ್ಲಿ ಓದಿ, ಫೋನಿನಲ್ಲಿ ಮಕ್ಕಳ ಪೋಷಣೆಯ ಬಗ್ಗೆ ಸಮುದ್ರದಷ್ಟು ಓದಿದ ನಾನು ಇದನ್ನು ಸಹಿಸುವುದುಂಟೇ? ಒಂದು ದಿನ ಹೇಳಿಯೇಬಿಟ್ಟೆ.

“ಅತ್ತಿ, ಹಿಂಗ ಕತಿ ಹೇಳಿ ತಿನ್ನಿಸಿದ್ರ ಕೂಸಿಗೆ ತನ್ನ ಹಸಿವು ತನಗಽ ಗೊತ್ತಾಗಂಗಿಲ್ರಿ. ಇನ್ನ ಮ್ಯಾಲೆ ನಾನಽ ತಿನ್ನಸ್ತೀನಿ.”

“ಆತವಾ,” ಅಂದರು ಅತ್ತೆ. “ನಿನ್ನ ಕೂಸು, ನಿನ್ನ ತುತ್ತು.”

ಮರುದಿನ ಕಾಗವಾಡದಲ್ಲಿರುವ ಮಗಳು ಶುಭಾಂಗಿಯ ಮನೆಗೆ ಹೊರಟರು. ಸಿಟ್ಟಾಗಿದ್ದರೋ ಇಲ್ಲವೋ ಗೊತ್ತಾಗಲಿಲ್ಲ. ಅವರ ಸಿಟ್ಟೂ ಸಮಾಧಾನವೂ ಒಂದೇ ದನಿಯಲ್ಲಿ ಬರುತ್ತವೆ.

ಅತ್ತ ಅತ್ತೆಯ ಬಸ್ಸು ಚಿಕ್ಕೋಡಿ ಸ್ಟ್ಯಾಂಡು ಬಿಟ್ಟಿತು, ಇತ್ತ ನಾನು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಘೋಷಿಸಿದೆ: “ಇವತ್ತಿನಿಂದ ಸಂಜಿ ಊಟ ನಂದು! ಸರಳ, ರುಚಿ, ಮನ್ಯಾಗ ಇದ್ದದ್ದರಾಗಽ! ಸನ್ಮತಿ ಬಟ್ಟಲ ತಿಕ್ಕಿ ಉಣ್ಣಬೇಕು, ಹಂಗ ಮಾಡ್ತೀನಿ!”

ನನ್ನ ಗಂಡ ಶ್ರೇಣಿಕ ಕಾಲೇಜಿನಲ್ಲಿ ಕಾಮರ್ಸ್ ಮಾಸ್ತರರು. ಇಲ್ಲದ ಕಡೆಯೂ ನಷ್ಟ ಹುಡುಕುವುದು ಅವರ ವಿದ್ಯೆ. “ಇದ್ದದ್ದರಾಗ ಅಂದ್ರ, ಮಾಡಾಕ ಬರೂದೂ ಅದರಾಗ ಇರಬೇಕಲ್ಲ?” ಅಂದರು.

ಈಗ ನಮ್ಮ ಮನೆಯ ಕಾಯಿದೆ ಹೇಳಬೇಕು. ನಾವು ಜೈನರು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ನಮ್ಮ ಅಡುಗೆಮನೆಗೆ ಕಾಲಿಡುವುದಿಲ್ಲ. ಮಾವ ಭಾವುಸಾಹೇಬರು ಸೂರ್ಯ ಮುಳುಗುವುದರೊಳಗೆ ಉಂಡು ಮುಗಿಸಬೇಕು. ಮುಳುಗಿದ ಮೇಲೆ ಮುಂಜಾನೆಯವರೆಗೂ ಅನ್ನವಷ್ಟೇ ಅಲ್ಲ, ನೀರೂ ಇಲ್ಲ. ನನ್ನ ತವರಿನಲ್ಲಿ ಟಿವಿ ನೋಡುತ್ತ ಒಂಬತ್ತಕ್ಕೆ ಉಣ್ಣುತ್ತಿದ್ದವಳು, ಈ ಚಾತುರ್ಮಾಸದಲ್ಲಿ ನಾನೂ ಅತ್ತೆಯ ಜೊತೆ ಆ ನೇಮ ಹಿಡಿದಿದ್ದೆ. ಹಾಗಾಗಿ ನಮ್ಮ ಮನೆಯ ಅಡುಗೆಗೆ ಎರಡು ಬೆಂಕಿ: ಒಂದು ಪಾತ್ರೆಯ ಕೆಳಗೆ, ಇನ್ನೊಂದು ಪಡುವಣ ಆಕಾಶದಲ್ಲಿ.

ಮಧ್ಯಾಹ್ನವೇ ಫ್ರಿಜ್ಜು ತೆಗೆದೆ. ಬೀನ್ಸು, ಢಬ್ಬು ಮೆಣಸಿನಕಾಯಿ, ಟೊಮ್ಯಾಟೊ! ಮಕ್ಕಳಿಗೆ ಬಣ್ಣ ಇಷ್ಟ ಎಂದು ಓದಿದ್ದೆನಲ್ಲ! ಕಾಮನಬಿಲ್ಲನ್ನೇ ತಾಟಿಗೆ ಇಳಿಸುವ ಹುಮ್ಮಸ್ಸಿನಲ್ಲಿ ಸಣ್ಣಗೆ, ಮುದ್ದಾಗಿ, ಒಂದು ತಾಸು ಹೆಚ್ಚಿದೆ. ಅಷ್ಟರಲ್ಲಿ ಮಾವ ಅಂಗಡಿಯಿಂದ ಚಹಾಕ್ಕೆಂದು ಬಂದರು. ಹೆಚ್ಚಿಟ್ಟ ರಾಶಿಯನ್ನು ನೋಡಿ ಮೆಲ್ಲಗೆ ಕೆಮ್ಮಿದರು.

“ತೃಪ್ತಿ, ಇವತ್ತ ಚತುರ್ದಶಿ ಅಲ್ಲೇನವಾ?”

 ಚತುರ್ದಶಿ! ಹಸಿ ಕಾಯಿಪಲ್ಲೆ ತಿನ್ನದ ದಿನ!

“ಕೊತ್ತಂಬ್ರಿ ಅಷ್ಟ ಹಾಕಬಹುದೇನ್ರಿ ಮಾಮಾ?”

“ಅದೂ ಹಸರಲ್ಲೇನು?”

“ಹಸಿಮೆಣಸಿನಕಾಯಿ?”

“ನೀನಽ ಹೇಳಾಕತ್ತೀಯಲ್ಲವಾ, ಹಸಿ ಅಂತ.”

ಕಾಮನಬಿಲ್ಲು ಡಬ್ಬಿ ಸೇರಿ ಫ್ರಿಜ್ಜಿಗೆ ಹೋಯಿತು. ‘ಇದ್ದದ್ದರಾಗ’ ಎಂದು ಎದೆ ತಟ್ಟಿ ಹೇಳಿದ್ದೆನಲ್ಲ, ಈಗ ಇದ್ದದ್ದೆಂದರೆ ಕಡ್ಲಿ ಹಿಟ್ಟು, ಜೋಳದ ಹಿಟ್ಟು, ಶೇಂಗಾ, ಕೆಂಪು ಖಾರ, ಹುಣಸೆಹುಳಿ. ಅತ್ತೆ ಇದಿಷ್ಟರಲ್ಲೇ ಬೆರಳು ಚೀಪುವಂಥ ಊಟ ಮಾಡುತ್ತಿದ್ದರು. ಹೇಗೆ ಮಾಡುತ್ತಿದ್ದರು? ನಾನು ಯಾವತ್ತೂ ನೋಡಿರಲಿಲ್ಲ. ಅವರು ಅಡುಗೆ ಮಾಡುವಾಗ ನಾನು ಅವರು ಕೂಸಿಗೆ ತಿನ್ನಿಸುವುದರಲ್ಲಿ ಏನು ತಪ್ಪಿದೆ ಎಂದು ಫೋನಿನಲ್ಲಿ ಓದುತ್ತಿದ್ದೆ.

ಕೈ ಫೋನಿನ ಕಡೆ ಹೋಯಿತು. ಅತ್ತೆಯ ಹೆಸರು ಬಂತು. ಒತ್ತಲಿಲ್ಲ. ಬೆಂಗಳೂರಿನಲ್ಲಿ ಡಿಗ್ರಿ ಮಾಡಿದವಳು ಒಂದು ಪಿಠ್ಲಾಕ್ಕೆ ಸೋಲುವುದೇ! ಕುದಿಯುವ ನೀರಿಗೆ ಕಡ್ಲಿ ಹಿಟ್ಟು ಹಾಕಿ ತಿರುವಿದರೆ ಪಿಠ್ಲಾ. ಇದರಲ್ಲಿ ಕೇಳುವುದೇನಿದೆ?

ಕೇಳುವುದಿತ್ತು. ಹಿಟ್ಟು ನೀರಿಗೆ ಬಿದ್ದದ್ದೇ ಗಂಟು ಗಂಟಾಗಿ, ಒಂದೊಂದು ಗಂಟೂ ಬೋರೆಹಣ್ಣಿನಷ್ಟಾಗಿ ಕುಣಿಯತೊಡಗಿತು. ನೀರು ಹಾಕಿದೆ, ತಿಳಿಸಾರಾಯಿತು. ಹಿಟ್ಟು ಹಾಕಿದೆ, ಮತ್ತೆ ಗಂಟು. ಮತ್ತೆ ನೀರು! ಸಣ್ಣ ಪಾತ್ರೆ ತುಂಬಿ ದೊಡ್ಡ ಪಾತ್ರೆ, ಅದೂ ತುಂಬಿ ಹಬ್ಬಕ್ಕೆ ಮಾತ್ರ ಇಳಿಸುವ ಪಾತೇಲಿ! ನಾಲ್ಕು ಜನರ ಊಟ ಹೋಗಿ, ಮದುವೆಗೆ ಬಂದ ಬೀಗರಿಗೆ ಸಾಲುವಷ್ಟು ಹಳದಿ ಸಮುದ್ರ ಒಲೆಯ ಮೇಲೆ ಬುಳುಬುಳು ಅನ್ನುತ್ತಿತ್ತು.

ಆಗಲೇ ಮೋಡ ಕವಿಯಿತು. ಕಿಟಕಿಯಾಚೆ ಕತ್ತಲು ಇಳಿಯಿತು. ಲಗುಬಗೆಯಲ್ಲಿ ಫೋನು ನೋಡಿದರೆ ಸೂರ್ಯಾಸ್ತಕ್ಕೆ ಉಳಿದದ್ದು ಇಪ್ಪತ್ತೇ ನಿಮಿಷ! ಅದೇ ಕ್ಷಣಕ್ಕೆ ಕರೆಂಟೂ ಹೋಯಿತು.

ರೊಟ್ಟಿ ಬಡಿಯಲು ಕೂತೆ. ಮೊದಲನೆಯದು ಮಹಾರಾಷ್ಟ್ರದ ನಕಾಶೆಯ ಹಾಗೆ ಬಂತು, ಎರಡನೆಯದು ಕರ್ನಾಟಕದ ಹಾಗೆ. ಹಂಚಿನ ಮೇಲೆ ಎರಡೂ ಒಡೆದವು, ಸರಿಯಾಗಿ ಗಡಿಯಲ್ಲೇ. ಮೂರನೆಯದು ಹಂಚು ಮುಟ್ಟುವ ಮೊದಲೇ ನನ್ನ ಕೈಯಲ್ಲೇ ಪ್ರಾಣ ಬಿಟ್ಟಿತು. ಮುರಿದದ್ದೆಲ್ಲ ಒಂದು ಬುಟ್ಟಿ ತುಂಬಿತು, ಇಡೀ ರೊಟ್ಟಿ ಅನ್ನುವುದು ಒಂದೂ ಇಲ್ಲ.

“ರೀ, ತಾಟ ಹಾಕ್ರಿ! ಹೊತ್ತ ಮುಳಗಾಕತ್ತೈತಿ!”

“ಅಡಗಿ ಆತೇನ?”

“ಅಡಗಿ ಆಮ್ಯಾಲೆ, ಮೊದಲ ತಾಟ ಹಾಕ್ರಿ!”

ಮಾವ ಬಾಗಿಲಿಗೆ ಬಂದು ಆಕಾಶ ನೋಡಿದರು. “ಇನ್ನೂ ಹೊತ್ತೈತಿ ಅನಸ್ತೈತೆಲ್ಲವಾ?”

“ಇಲ್ರಿ ಮಾಮಾ! ಫೋನಿನಾಗ ಐತ್ರಿ!”

ಫೋನಿನ ಮುಂದೆ ಅವರು ಯಾವತ್ತೂ ವಾದಿಸಿದವರಲ್ಲ. ಸುಮ್ಮನೆ ಕೈಕಾಲು ತೊಳೆದು ಬಂದು ಕೂತರು. ನಾನು ಮುರಿದ ರೊಟ್ಟಿಯ ಚೂರನ್ನೆಲ್ಲ ಪಿಠ್ಲಾದ ಪಾತೇಲಿಗೆ ಸುರಿದೆ, ಮೇಲೆ ಶೇಂಗಾಪುಡಿ, ಒಂದು ಧಾರೆ ತುಪ್ಪ. ಗರಗರ ತಿರುವಿ ತಾಟಿಗೆ ಸುರಿದೆ.

ಶ್ರೇಣಿಕ ತಾಟಿಗೆ ಬಗ್ಗಿ ಪಿಸುಗುಟ್ಟಿದರು: “ಇದಕ್ಕ ಏನಂತಾರ?”

“ಉಣ್ಣೂ ಮುಂದ ಮಾತಾಡಬಾರ್ದು!”

ಆ ಗಡಿಬಿಡಿಯಲ್ಲಿ ಒಂದು ಜೀವವನ್ನು ನಾನು ಮರೆತೇಬಿಟ್ಟಿದ್ದೆ. ಮೂರು ವರ್ಷದಲ್ಲಿ ಮೊದಲ ಸಲ! ಇನ್ನೊಂದು ಸೌಟು ತರಲೆಂದು ಒಳಗೆ ಹೋಗಿ ತಿರುಗಿ ಬಂದರೆ, ಸನ್ಮತಿ ಅಜ್ಜನ ತೊಡೆ ಏರಿ ಕೂತು ತಾಟನ್ನು ಪರೀಕ್ಷಿಸುತ್ತಿದ್ದಳು.

“ಅಜ್ಜಾ, ರಾಡಿ!”

“ಹೂಂ, ರಾಡಿ,” ಅಂದರು ಮಾವ, ಆ ರಾಡಿಯನ್ನೇ ಉಣ್ಣುತ್ತ.

“ನಂಗ ರಾಡಿ!”

ಐದೂ ಬೆರಳು ತಾಟಿನೊಳಗೆ ಹೋದವು. ರೊಟ್ಟಿಯ ಒಂದು ಚೂರು ಮೇಲೆ ಬಂತು, ಬಾಯಿಗೆ ಹೋಯಿತು. ನಾನು ಬಾಗಿಲ ಮರೆಯಲ್ಲಿ ಉಸಿರು ಹಿಡಿದೆ. ಈಗ ಬಲಗೆನ್ನೆಗೆ ಹೋಗುತ್ತದೆ... ಹೋಗಲಿಲ್ಲ. ಅಗಿದಳು. ನುಂಗಿದಳು! ಮತ್ತೆ ಕೈ ಹಾಕಿದಳು. ಗಲ್ಲ, ಮೂಗು, ಅಂಗಿ, ಅಜ್ಜನ ಧೋತರ, ಎಲ್ಲಾ ಹಳದಿ! “ಇನ್ನಷ್ಟ” ಅಂದಳು. ಮಾವ ಅವಳ ಮುಖ ಕೂಡ ನೋಡಲಿಲ್ಲ. ಒಂದಿಷ್ಟು ಅವಳ ಕಡೆ ಸರಿಸಿ ತಮ್ಮ ಪಾಡಿಗೆ ತಾವು ಉಣ್ಣುತ್ತಿದ್ದರು.

ನನ್ನ ಕೈಯಲ್ಲಿ ಸೌಟಿತ್ತು. ಒಂದು ಹೆಜ್ಜೆ ಮುಂದೆ ಇಟ್ಟಿದ್ದರೆ “ಅಯ್ಯೋ ನನ್ನ ಬಂಗಾರ, ಇನ್ನೊಂದು ತುತ್ತು, ಅಮ್ಮನಿಗಾಗಿ ಒಂದು!” ಎಂದು ಸುರು ಮಾಡುತ್ತಿದ್ದೆ, ಮತ್ತು ಆ ಬಾಯಿ ಅಲ್ಲೇ ಮುಚ್ಚುತ್ತಿತ್ತು. ಅದು ನನಗೆ ಆಗ ಖಚಿತವಾಗಿ ಗೊತ್ತಾಯಿತು. ನನ್ನ ಮನೆಯಲ್ಲೇ ಕಳ್ಳಿಯ ಹಾಗೆ ಮರೆಯಲ್ಲಿ ನಿಂತೆ. ದಿನಾ ನಾನು ಅವಳೆದುರು ಕೂತು ಬಾಯಿಯನ್ನೇ ನೋಡುತ್ತಿದ್ದೆ, ಬಾಗಿಲು ಯಾವಾಗ ತೆರೆದೀತು ಎಂದು ಕಾಯುವ ಪೊಲೀಸನ ಹಾಗೆ. ಹಾಗೆ ಯಾರಾದರೂ ನನ್ನ ಬಾಯಿ ನೋಡುತ್ತ ಕೂತರೆ ನನಗೆ ನುಂಗಲು ಆದೀತೇ? ಗುಬ್ಬಿಯದೂ ತಪ್ಪಿರಲಿಲ್ಲ, ಕಾಗೆಯದೂ ತಪ್ಪಿರಲಿಲ್ಲ. ಪಾಪ, ಆ ಟ್ರ್ಯಾಕ್ಟರು ನನ್ನ ಮುಖಕ್ಕಿಂತ ಎಷ್ಟೋ ಹಗುರ ಇತ್ತು.

ಮಾವ ಕೊನೆಯ ಗುಟುಕು ನೀರು ಕುಡಿದು ಕೈ ಮುಗಿದರು. ಅಲ್ಲಿಗೆ ಅವರ ಆ ದಿನದ ಅನ್ನ ನೀರು ಮುಗಿಯಿತು.

ಅಷ್ಟರಲ್ಲಿ ಮೋಡ ಸರಿಯಿತು ನೋಡಿ! ರೊಟ್ಟಿ ಹಂಚಿನಷ್ಟು ದೊಡ್ಡ ಸೂರ್ಯ, ನೀರಿನ ಟಾಕಿಯ ಮೇಲೆ, ಎಲ್ಲಿಗೂ ಹೋಗುವ ಅವಸರವಿಲ್ಲದವನಂತೆ ನಿಂತಿದ್ದ! ಪಡಸಾಲೆ ತುಂಬ ಬಿಸಿಲು. ಶ್ರೇಣಿಕ ನನ್ನ ಫೋನು ಎತ್ತಿಕೊಂಡರು.

“ತೃಪ್ತಿ, ಇದರಾಗ ಮ್ಯಾಲೆ ಬೆಂಗಳೂರು ಅಂತ ಐತೆಲ್ಲ?”

 ಮಾವ ಅಂದರು: “ಬೆಂಗಳೂರಾಗ ಹೊತ್ತ ಮುಳಗತೈತಂತ ನಮಗ ಚಿಕ್ಕೋಡ್ಯಾಗ ಉಣ್ಣಾಕ ಹಾಕಿದ್ಯಾ ಯವ್ವಾ!” ಅವರು ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮಿಗೆ ನೀರು ಕುಡಿಯೋಣವೆಂದರೆ ಕೈ ಮುಗಿದಾಗಿದೆ! ಅದಕ್ಕೆ ಇನ್ನಷ್ಟು ನಗು, ಇನ್ನಷ್ಟು ಕೆಮ್ಮು. ಶ್ರೇಣಿಕ ಮಾತ್ರ “ನಂದು ಇನ್ನೂ ಮುಗದಿಲ್ಲ, ಹೊತ್ತೂ ಐತಿ” ಎನ್ನುತ್ತ ತಾಟಿಗೆ ಮತ್ತೆ ಬಡಿಸಿಕೊಂಡರು. ಸಾಲದ್ದಕ್ಕೆ, ಡಬ್ಬಿಗಟ್ಟಲೆ ತುಂಬಿ ತ್ರಿಶಲಾಬಾಯಿಯ ಮನೆಗೂ ಇಡೀ ಓಣಿಗೂ ಹಂಚಿ ಬಂದರು. ನಾನು ಸನ್ಮತಿಯ ಕಿವಿ, ಕೂದಲು, ಬೆರಳ ಸಂದಿಯಿಂದ ಪಿಠ್ಲಾ ತೊಳೆಯುತ್ತ ಕೂತೆ. ಅವಳ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದೆ. ಗಟ್ಟಿಯಾಗಿತ್ತು! ಅವಳು ಅಲ್ಲೇ ನನ್ನ ಭುಜದ ಮೇಲೆ ನಿದ್ದೆ ಹೋದಳು.

ಈ ಸುದ್ದಿ ಯಾರಿಗೆ ಹೇಳಲಿ? ಗಂಡನಿಗೆ ಹೇಳಿದೆ. “ಹಸಿವಾಗಿತ್ತು, ಉಂಡಾಳ” ಅಂದರು. ಇದು ಎಷ್ಟು ದೊಡ್ಡ ಸುದ್ದಿ ಎಂದು ಅರಿಯುವ ಜೀವ ಜಗತ್ತಿನಲ್ಲಿ ಇನ್ನೊಂದೇ ಇತ್ತು. ಅದು ಕಾಗವಾಡದಲ್ಲಿತ್ತು. ಫೋನು ಹಚ್ಚಿದೆ. ಒಂದು ರಿಂಗು ಪೂರ್ತಿ ಆಗಲಿಲ್ಲ.

“ಅತ್ತಿ, ನಾನ್ರಿ.”

“ಗೊತ್ತೈತಿ. ಏನ ಸುಟ್ಟಿ?”

“ಏನೂ ಸುಟ್ಟಿಲ್ರಿ. ಸನ್ಮತಿ ಉಂಡಳ್ರಿ! ತಾನಽ! ತನ್ನ ಕೈಲೆ!”

ಆ ಕಡೆಯಿಂದ ದೂರಕ್ಕೆ ಕೂಗಿದ ದನಿ: “ಶುಭಾ, ಆ ಟಿವಿ ಬಂದ ಮಾಡ!” ಮತ್ತೆ ಹತ್ತಿರ ಬಂದು, “ಮತ್ತೊಮ್ಮೆ ಹೇಳು. ಎಲ್ಲಾ ಹೇಳು. ನುಂಗಿದ್ಲಾ, ಗಲ್ಲದಾಗ ಇಟ್ಕೊಂಡ್ಲಾ?”

“ನುಂಗಿದ್ಲ್ರಿ!”

“ಮತ್ತ ಬೇಡಿದ್ಲಾ?”

“ಬೇಡಿದ್ಲ್ರಿ!”

“ಯಾರರ ಬಾಯಿ ನೋಡ್ಕೋತ ಎದರಿಗೆ ಕುಂತಿದ್ರೇನು?”

“ಯಾರೂ ಇಲ್ರಿ. ನಾ ಬಾಗಲ ಹಿಂದ ಇದ್ನಿರಿ.”

“ಶ್ಯಾಣಿ,” ಅಂದರು ಅತ್ತೆ. ನನ್ನನ್ನು ಅವರು ಜಾಣೆ ಅಂದದ್ದು ಅದೇ ಮೊದಲು. 

“ಅತ್ತಿ, ಆವತ್ತ ನಾ ನಿಮಗ...”

“ಅದಿರ್ಲಿ. ನೀ ಏನ ಉಂಡಿ?”

ನಾನು ಪಾತೇಲಿ ನೋಡಿದೆ. ತಳ ಕಾಣುತ್ತಿತ್ತು. ಕಿಟಕಿ ನೋಡಿದೆ. ಈ ಸಲ ಚಿಕ್ಕೋಡಿಯ ಸೂರ್ಯನೇ ಮುಳುಗಿದ್ದ. ಹೊಟ್ಟೆ ಆಗಲೇ ಗೊರ್ರೆಂದಿತು. ಅದು ಕಾಗವಾಡಕ್ಕೂ ಕೇಳಿಸಿರಬೇಕು.

“ಮುಂಜಾನಿ ಮೊದಲ್ನೇ ಬಸ್ಸಿಗೆ ಬರ್ತೀನಿ,” ಅಂದರು ಅತ್ತೆ.

“ಗಡಬಡಿ ಮಾಡಬ್ಯಾಡ್ರಿ ಅತ್ತಿ, ಸನ್ಮತಿ ಈಗ ತಾನಽ ಉಣ್ಣಾಕತ್ತಾಳ್ರಿ...”

“ಆಕಿ ಸಲುವಾಗಿ ಯಾರ ಬರಾಕತ್ತಾರ? ಆ ಮನ್ಯಾಗ ಇನ್ನ ತುತ್ತ ಮಾಡಿ ತಿನ್ನಸಬೇಕಾದ ಕೂಸು ನೀ ಒಬ್ಬಾಕಿನಽ ಉಳದಿ!”